ಪದ ಪರಿಚಯ: ನೋವಿನ ಅಂಕ

ಈಗ ಎಷ್ಟೋ ಆಸ್ಪತ್ರೆಗಳ ಕೇಸ್ ಶೀಟಿನಲ್ಲಿ ಬಿಪಿ, ಪಲ್ಸ್, ಜ್ವರದ ಪಕ್ಕದಲ್ಲೇ ‘ಪೇನ್ ಸ್ಕೋರ್’ ಅಂತ ಇನ್ನೊಂದು ಮನೆ ಇರುತ್ತದೆ. ಕನ್ನಡದಲ್ಲಿ ನೋವಿನ ಅಂಕ ಅನ್ನೋಣ. ನೋವೇ ಇಲ್ಲ ಅಂದರೆ 0, ಇದಕ್ಕಿಂತ ಜಾಸ್ತಿ ನೋವು ಇರೋಕೇ ಸಾಧ್ಯವಿಲ್ಲ ಅಂದರೆ 10. ರೋಗಿ ಹೇಳಿದ್ದನ್ನು ನರ್ಸ್ ಬರೆದುಕೊಳ್ಳುತ್ತಾರೆ. ಮಾತ್ರೆ ಸಾಕೋ, ಇಂಜೆಕ್ಷನ್ ಬೇಕೋ ಅನ್ನುವುದಕ್ಕೆ ಇದೂ ಒಂದು ಆಧಾರ. ಅಂಕಿ ಹೇಳಲಾಗದ ಮಕ್ಕಳಿಗೆ ಆರು ಮುಖಗಳ ಚಿತ್ರಪಟ ತೋರಿಸುತ್ತಾರೆ. ನಗುಮುಖದಿಂದ ಶುರುವಾಗಿ ಅಳುಮುಖದವರೆಗೆ. ಅದನ್ನು 1983ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಡೊನ್ನಾ ವಾಂಗ್, ಕೋನಿ ಬೇಕರ್ ಎಂಬಿಬ್ಬರು ರೂಪಿಸಿದರು.

ಜ್ವರಕ್ಕೆ ಥರ್ಮಾಮೀಟರ್ ಇದೆ. ನೋವಿಗೆ ಅಂಥದ್ದೇನೂ ಇಲ್ಲ, ಅಲ್ವಾ? ಕೇಳುವವರು ಯಾರು, ಯಾವಾಗ ಕೇಳಿದರು, ಹೇಳುವವರ ಮಾತನ್ನು ಎಷ್ಟು ನಂಬಿದರು ಅನ್ನುವುದರ ಮೇಲೆ ಅಂಕಿ ಬದಲಾಗುತ್ತದೆ.

ಕೋಲಾರದ ಒಂದು ಆಸ್ಪತ್ರೆಯಲ್ಲಿ ನಮ್ಮಜ್ಜಿಯ ಜೊತೆ ಒಂಬತ್ತು ದಿನ ಇದ್ದೆ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಅಜ್ಜಿ ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ಬೆಳಿಗ್ಗೆ ನರ್ಸ್ ಬಂದು ‘ನೋವು ಎಷ್ಟಿದೆ ಅಜ್ಜಿ, ಹತ್ತಕ್ಕೆ ಎಷ್ಟು?’ ಅಂದರು. ಅಜ್ಜಿ ಅಲ್ಲಾಡದೆ ಮಲಗಿದ್ದರು. ‘ಪರವಾಲೇದು ಲೇಮ್ಮಾ’ (ಪರವಾಗಿಲ್ಲ ಬಿಡಮ್ಮ) ಅಂದರು. ಶೀಟಿನಲ್ಲಿ 2 ಅಂತ ಬಿತ್ತು. ಪಕ್ಕದ ಬೆಡ್ಡಿನಲ್ಲಿ ಕಾಲು ಮುರಿದುಕೊಂಡ ಹುಡುಗ ಕೂಗಾಡುತ್ತಿದ್ದ. ಅವನಿಗೆ 8, ಕೂಡಲೇ ಇಂಜೆಕ್ಷನ್. ಅವನ ನೋವು ಸುಳ್ಳಲ್ಲ. ಆದರೆ ಹತ್ತು ನಿಮಿಷ ಬಿಟ್ಟು ಬೆಡ್ ಪ್ಯಾನ್ ಇಡೋಕೆ ಪಕ್ಕಕ್ಕೆ ತಿರುಗಿಸಿದಾಗ ನಮ್ಮಜ್ಜಿ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡರು. ಆಪರೇಷನ್ ಆದವರಿಗೆ ಮಲಗಿದ್ದಾಗಿನ ನೋವು ಬೇರೆ, ಅಲ್ಲಾಡಿದಾಗಿನ ನೋವು ಬೇರೆ. ಎರಡನ್ನೂ ಕೇಳಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ ಸುತ್ತಿನ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅನ್ನುವುದು ಮಿತಿ. ಅದನ್ನು ಮೀರಿದ ನೀರನ್ನೇ ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಹಾಗೆ ಇಪ್ಪತ್ತು ವರ್ಷ ಸೊಂಟ ಹಿಡಿದುಕೊಂಡೇ ಕಳೆ ಕಿತ್ತವರಿಗೆ ನೋವು ‘ಇದ್ದಿದ್ದೇ’. ಅವರು ಹೇಳುವ 3, ನಾನು ಹೇಳುವ 3 ಒಂದೇ ಆಗಲು ಹೇಗೆ ಸಾಧ್ಯ?

ಈ ತಾರತಮ್ಯ ಹೊರದೇಶಗಳಲ್ಲೂ ದಾಖಲಾಗಿದೆ. 1993ರಲ್ಲಿ ಲಾಸ್ ಏಂಜಲಿಸ್‌ನ ಒಂದು ತುರ್ತು ಚಿಕಿತ್ಸಾ ವಿಭಾಗದಿಂದ ವರದಿ ಬಂತು. ಕೈಕಾಲಿನ ಉದ್ದ ಮೂಳೆ ಮುರಿದು ಬಂದವರಲ್ಲಿ, ನೋವಿನ ಔಷಧಿಯೇ ಸಿಗದವರ ಪ್ರಮಾಣ ಬಿಳಿಯರಿಗಿಂತ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರಲ್ಲಿ ಸುಮಾರು ಎರಡು ಪಟ್ಟು ಇತ್ತು. 2016ರಲ್ಲಿ ವರ್ಜೀನಿಯಾದ ಅಧ್ಯಯನವೊಂದು ಇನ್ನೂ ಬೇಸರದ ಸಂಗತಿ ಹೇಳಿತು. ಕಪ್ಪು ಜನರ ಚರ್ಮ ದಪ್ಪ ಅನ್ನುವಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ ವೈದ್ಯ ವಿದ್ಯಾರ್ಥಿಗಳು, ಕಿರಿಯ ವೈದ್ಯರು ಅರ್ಧದಷ್ಟಿದ್ದರು. ನಮ್ಮಲ್ಲೂ ‘ಹಳ್ಳಿಯವರು ಗಟ್ಟಿ, ತಡ್ಕೋತಾರೆ’ ಅನ್ನುವ ಮಾತು ಕೇಳಿದ್ದೇನೆ. ಹೊಗಳಿಕೆಯಂತೆ ಕೇಳುತ್ತದೆ. ಇಂಜೆಕ್ಷನ್ ತಪ್ಪುವುದು ಅಲ್ಲಿಂದಲೇ.

ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ‘ನೋವು’ ಪದದ ವ್ಯಾಖ್ಯೆಯನ್ನು ತಿದ್ದಿತು. ನೋವಿದೆ ಅಂದವರ ಮಾತಿಗೆ ಬೆಲೆ ಕೊಡಬೇಕು, ಹೇಳಲಾಗದವರಿಗೆ ನೋವಿಲ್ಲ ಅಂದುಕೊಳ್ಳಬಾರದು ಅಂತ ಅದರ ಟಿಪ್ಪಣಿಯಲ್ಲಿದೆ.

ಮೂರನೇ ರಾತ್ರಿ ಡ್ಯೂಟಿಗೆ ಪಾವಗಡದ ನರ್ಸ್ ಒಬ್ಬರು ಬಂದರು. ಹತ್ತಕ್ಕೆ ಎಷ್ಟು ಅಂತ ಅವರು ಕೇಳಲಿಲ್ಲ. ಅಜ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ, ರೂಪಾಯಿಗೆ ಎಷ್ಟಾಣೆ ತಗ್ಗಿದೆ ಅಂತ ತೆಲುಗಿನಲ್ಲಿ ಕೇಳಿದರು. ‘ನಾಲ್ಕಾಣೆಯೂ ಇಲ್ಲಮ್ಮ’ ಅಂದರು ಅಜ್ಜಿ. ನರ್ಸ್ ಶೀಟಿನಲ್ಲಿ 8 ಅಂತ ಬರೆದು ಡಾಕ್ಟರಿಗೆ ಫೋನ್ ಮಾಡಿದರು.