ನಾಯಿಯ ಜೊತೆ ಕಡಲ ದಂಡೆಯಲ್ಲಿ ಒಂದು ವಾರ: ಸಿಹಿನೀರು ಎಷ್ಟು ಬೇಕು?

ಪ್ರಶ್ನೆ: ಸಮುದ್ರದ ಎದುರಿಗೇ ಟೆಂಟ್ ಹಾಕಿಕೊಂಡು ಒಂದು ವಾರ ಇರಬೇಕೆಂದಿದ್ದೇವೆ. 20 ಕೆಜಿ ತೂಕದ ನಾಯಿಯೂ ಬರುತ್ತದೆ. ಅದಕ್ಕೆಂದೇ ಎಷ್ಟು ನೀರು ಒಯ್ಯಬೇಕು?

ಉತ್ತರ: 35 ಲೀಟರ್. ನಿಮ್ಮ ಕುಡಿಯುವ ನೀರು, ಅಡುಗೆಯ ನೀರು ಇದರಲ್ಲಿ ಸೇರಿಲ್ಲ. ಹತ್ತಿರದಲ್ಲೇ ಸಿಹಿನೀರಿನ ನಲ್ಲಿ ಇದ್ದರೆ ಅಷ್ಟನ್ನೂ ಹೊರಬೇಕಿಲ್ಲ, ಆದರೆ ದಿನಕ್ಕೆ 5 ಲೀಟರಿನ ಲೆಕ್ಕ ತಪ್ಪುವುದಿಲ್ಲ.

ನಾಯಿಗೆ ಸಾಮಾನ್ಯ ದಿನಗಳಲ್ಲಿ ಪ್ರತಿ ಕೆಜಿ ತೂಕಕ್ಕೆ ಸುಮಾರು 50ರಿಂದ 60 ಮಿಲಿ ನೀರು ಬೇಕು. ಬಿಸಿಲು, ಗಾಳಿ, ಓಟ ಸೇರಿದರೆ ಅದು ಇಮ್ಮಡಿಯಾಗುತ್ತದೆ. ಅಂದರೆ ನಿಮ್ಮ ನಾಯಿಗೆ ಕುಡಿಯಲು ದಿನಕ್ಕೆ ಸುಮಾರು ಎರಡೂವರೆ ಲೀಟರ್. ಸಂಜೆ ಮೈ ತೊಳೆಯಲು 2 ಲೀಟರ್. ಉಳಿದದ್ದು ಚೆಲ್ಲಿಹೋಗುವ, ಮರಳು ಬಿದ್ದು ಹಾಳಾಗುವ ಪಾಲು.

ಕುಡಿಯುವ ನೀರಿನಲ್ಲಿ ಜಿಪುಣತನ ಮಾಡಿದರೆ ನಾಯಿ ಕಡಲಿನ ನೀರಿಗೇ ಬಾಯಿ ಹಾಕುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪ್ರತಿ ಕೆಜಿ ತೂಕಕ್ಕೆ 2 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳಬಹುದು. 4 ಗ್ರಾಂ ಆದರೆ ಪ್ರಾಣಕ್ಕೇ ಅಪಾಯ. ವಿಷದ ಲಕ್ಷಣಗಳು ಶುರುವಾಗಲು 20 ಕೆಜಿಯ ನಾಯಿಗೆ ಒಂದು ಲೀಟರಿಗಿಂತ ತುಸು ಹೆಚ್ಚು ಕಡಲ ನೀರು ಸಾಕು, 5 ಕೆಜಿಯ ಪುಟ್ಟ ನಾಯಿಗೆ 300 ಮಿಲಿಯೂ ಬೇಡ. ಬಾಯಾರಿಕೆಯಿಂದಲೇ ಕುಡಿಯಬೇಕೆಂದೂ ಇಲ್ಲ. ಅಲೆಯೊಳಗೆ ಎಸೆದ ಚೆಂಡನ್ನು ಕಚ್ಚಿ ತರುವಾಗ ಪ್ರತಿ ಸಲವೂ ಒಂದಷ್ಟು ನೀರು ಗಂಟಲಿಗಿಳಿಯುತ್ತದೆ. ಉಣ್ಣೆಯ ಹೊದಿಕೆಯ ಚೆಂಡು ಇನ್ನೂ ಕೆಟ್ಟದ್ದು: ಉಪ್ಪುನೀರನ್ನೂ ಮರಳನ್ನೂ ಹೀರಿಕೊಂಡು ನೇರ ಬಾಯಿಗೆ ಒಯ್ಯುತ್ತದೆ. ಮರಳು ಕರುಳಿನಲ್ಲಿ ಗಟ್ಟಿಯಾಗಿ ಕಟ್ಟಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ತೇಲುವ ರಬ್ಬರ್ ಬಳೆ ಒಯ್ಯಿರಿ. 15 ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ, ನೆರಳಿಗೆ ಕರೆದು ಸಿಹಿನೀರು ಕುಡಿಸಿ.

ಒಂದೆರಡು ಸಲ ವಾಂತಿ, ತೆಳ್ಳಗಿನ ಭೇದಿ ಆದರೆ ಆಟ ಬಂದ್ ಮಾಡಿ, ಸ್ವಲ್ಪ ಸ್ವಲ್ಪವೇ ಸಿಹಿನೀರನ್ನು ಆಗಾಗ ಕೊಡಿ. ಬೋಗುಣಿ ತುಂಬ ಒಮ್ಮೆಲೇ ಇಡಬೇಡಿ. ತೂರಾಡುವುದು, ನಡುಕ, ಮಂಕಾಗುವುದು ಕಂಡರೆ ಕಾಯಬೇಡಿ, ಕೂಡಲೇ ಪಶುವೈದ್ಯರ ಬಳಿ ಹೋಗಿ. ಹತ್ತಿರದ ಆಸ್ಪತ್ರೆ ಎಲ್ಲಿದೆ, ಅದರ ಫೋನ್ ನಂಬರ್ ಏನು ಎಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಮೈ ತೊಳೆಯುವ ಆ 2 ಲೀಟರನ್ನು ದಂಡ ಎಂದುಕೊಳ್ಳಬೇಡಿ. ಬೆರಳ ಸಂದಿಯ ಉಪ್ಪು, ಮರಳು ಚರ್ಮವನ್ನು ಉಜ್ಜುತ್ತವೆ. ನಾಯಿ ನೆಕ್ಕುತ್ತದೆ, ನೆಕ್ಕಿದಷ್ಟೂ ಹುಣ್ಣಾಗುತ್ತದೆ. ಒಂದು ದಿನಕ್ಕೆ ಇದು ಗೊತ್ತಾಗುವುದಿಲ್ಲ, ದಿನೇ ದಿನೇ ಕೂಡಿಕೊಂಡು ವಾರದ ನಡುವಿಗೆ ನಾಯಿ ಕುಂಟತೊಡಗುತ್ತದೆ. ಪಂಪಿನ ಬಾಟಲಿಯಿಂದ ಮೊದಲು ಪಾದ, ಆಮೇಲೆ ಹೊಟ್ಟೆ, ಕಂಕುಳು ತೊಳೆದು ಒಣಗಿದ ಟವೆಲ್ಲಿನಿಂದ ಒರೆಸಿ. ಕಿವಿಯೊಳಕ್ಕೆ ನೀರು ಬಿಡಬೇಡಿ, ಹೊರಭಾಗವನ್ನಷ್ಟೇ ಒರೆಸಿದರೆ ಸಾಕು. ಹಗ್ಗದ ಕೊಕ್ಕೆಯನ್ನೂ ತೊಳೆಯಿರಿ. ಅದು ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ, ಮಾಮೂಲಿ ಕಬ್ಬಿಣದ್ದು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಟೆಂಟಿನ ಜಾಗ. ಕಡಲಪಾಚಿ, ಕಸಕಡ್ಡಿ ಗೆರೆ ಎಳೆದಂತೆ ಬಿದ್ದಿರುವುದು ಹಿಂದಿನ ಭರತದ ಗುರುತು. ವಾರ ಇರುವವರು ಅದನ್ನೇ ನಂಬಬಾರದು. ಅಷ್ಟಮಿಯ ಆಸುಪಾಸಿನಲ್ಲಿ ಭರತ ಸಣ್ಣದು, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ದೊಡ್ಡದು; ನಡುವೆ ಇರುವುದು ಸುಮಾರು ಒಂದು ವಾರ. ಅಷ್ಟಮಿಯಂದು ನೋಡಿ ಟೆಂಟ್ ಹಾಕಿದ ಜಾಗಕ್ಕೆ ಹುಣ್ಣಿಮೆಯ ರಾತ್ರಿ ನೀರು ಬರಬಹುದು. ಭರತದ ವೇಳೆಯೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ವಾರದ ಭರತ ಇಳಿತದ ಪಟ್ಟಿ ನೋಡಿ, ಅದರಲ್ಲಿನ ಅತಿ ಎತ್ತರದ ಭರತಕ್ಕೆ ತಕ್ಕಂತೆ ಹಿಂದಕ್ಕೆ ಸರಿಯಿರಿ.

ಒಣ ಮರಳಿನಲ್ಲಿ ಸಣ್ಣ ಗೂಟ ನಿಲ್ಲುವುದಿಲ್ಲ. ಗಟ್ಟಿ ಬಟ್ಟೆಯ ಚೀಲಕ್ಕೆ ಮರಳು ತುಂಬಿ, ಹಗ್ಗ ಬಿಗಿದು, ಒಂದೂವರೆ ಅಡಿ ಆಳಕ್ಕೆ ಹೂತು ಮೇಲೆ ಒದ್ದೆ ಮರಳು ತುಳಿಯಿರಿ. ನಾಯಿಯನ್ನು ಕಟ್ಟುವುದಕ್ಕೆ ಇಂಥದ್ದೇ ಬೇರೊಂದು ಚೀಲ ಇರಲಿ, ಅದು ಟೆಂಟಿನದಕ್ಕಿಂತ ದೊಡ್ಡದಾಗಿರಲಿ. ಟೆಂಟಿನ ಕಂಬಕ್ಕೆ ಮಾತ್ರ ಯಾವತ್ತೂ ಕಟ್ಟಬೇಡಿ. ಕಟ್ಟಿ ಹಾಕಿದ ನಾಯಿಯ ಹತ್ತಿರ ಯಾರಾದರೂ ಇರಲೇಬೇಕು.

ನಡುಮಧ್ಯಾಹ್ನ ಓಡಾಟ ಬೇಡ. ಅಂಗೈಯ ಹಿಂಬದಿಯನ್ನು ಮರಳಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಮುಚ್ಚಿದ ಟೆಂಟ್ ನೆರಳಲ್ಲ, ಒಲೆ. ನಾಲ್ಕೂ ಕಡೆ ಗಾಳಿಯಾಡುವ ಚಪ್ಪರದಂಥ ಬಟ್ಟೆ ಕಟ್ಟಿ.

ದಡಕ್ಕೆ ಬಿದ್ದ ಮೀನು, ಜೆಲ್ಲಿಫಿಶ್, ಮೀನುಗಾಳಗಳಿಗೆ ನಾಯಿ ಮೂಗು ತೂರಿಸದಂತೆ ಬೆಳಗಿನ ನಡಿಗೆಯಲ್ಲಿ ಹಗ್ಗ ಕೈಯಲ್ಲೇ ಇರಲಿ. ಊದಿಕೊಳ್ಳುವ ಪಫರ್ ಮೀನು ಸತ್ತ ಮೇಲೂ ವಿಷವೇ. ಸತ್ತ ಜೆಲ್ಲಿಫಿಶ್ ಕೂಡ ಕುಟುಕುತ್ತದೆ. ನಾಯಿಯ ಮಲವನ್ನು ಮರಳಿನಲ್ಲಿ ಹೂಳದೆ ಚೀಲದಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿ, ಹೂತದ್ದನ್ನು ಮುಂದಿನ ದೊಡ್ಡ ಅಲೆ ಹೊರಗೆ ತೆಗೆಯುತ್ತದೆ.