ಲ್ಯಾಂಡಾಲ್ಫಿಯಾ: ಹಣ್ಣೂ ರಬ್ಬರೂ ಕೊಡುವ ಆಫ್ರಿಕಾದ ಕಾಡುಬಳ್ಳಿ

ರಬ್ಬರ್ ಅಂದ ಕೂಡಲೇ ನಮಗೆ ನೆನಪಾಗುವುದು ಸುಳ್ಯ, ಪುತ್ತೂರು ಕಡೆಯ ತೋಟಗಳು. ಸಾಲು ಮರ, ಓರೆಯಾಗಿ ಕೆತ್ತಿದ ತೊಗಟೆ, ಕೆಳಗೆ ಕಟ್ಟಿದ ಚಿಪ್ಪು. ಆ ಮರದ ಮೂಲ ಬ್ರೆಜಿಲ್. ಆಫ್ರಿಕಾಕ್ಕೆ ಅದಕ್ಕಿಂತ ಮೊದಲೇ ತನ್ನದೇ ರಬ್ಬರ್ ಇತ್ತು. ಅದರಲ್ಲಿ ಹೆಚ್ಚಿನದು ಸಿಗುತ್ತಿದ್ದದ್ದು ಲ್ಯಾಂಡಾಲ್ಫಿಯಾ ಎಂಬ ಕಾಡುಬಳ್ಳಿಯಿಂದ.

ಇದು ಒಂದೇ ಗಿಡದ ಹೆಸರಲ್ಲ, ಹಲವು ಜಾತಿಗಳಿರುವ ಕುಲದ ಹೆಸರು. ನಮ್ಮ ಕಣಗಿಲೆ, ನಂದಿಬಟ್ಟಲು, ಕವಳಿ ಗಿಡಗಳ ಕುಟುಂಬಕ್ಕೇ ಸೇರಿದ್ದು. ಕವಳಿ ಕಾಯಿ ಕಿತ್ತರೆ ತೊಟ್ಟಿನಿಂದ ಬಿಳಿ ಸೊನೆ ಬಂದು ಬೆರಳಿಗೆ ಅಂಟುತ್ತದಲ್ವಾ? ಆ ಸೊನೆ ಇದರಲ್ಲಿ ಇನ್ನೂ ಜಾಸ್ತಿ. ಬಯಲಿನಲ್ಲಿ ಪೊದೆಯಾಗಿ ಹರಡುತ್ತದೆ. ದಟ್ಟ ಕಾಡಿನಲ್ಲಾದರೆ ಕುಡಿ ಸುತ್ತಿಕೊಂಡು, ಬೆಳಕು ಸಿಗುವ ತನಕ ದೊಡ್ಡ ಮರಗಳ ತುದಿಗೇ ಹತ್ತುತ್ತದೆ.

ಹೆಸರು ಬಂದದ್ದು ಲ್ಯಾಂಡಾಲ್ಫ್ ಎಂಬ ಫ್ರೆಂಚ್ ಹಡಗಿನ ಕಪ್ತಾನನಿಂದ. ಗುಲಾಮರ ವ್ಯಾಪಾರ ಮಾಡುತ್ತಿದ್ದವನು. 1786ರಲ್ಲಿ ಅವನ ಜೊತೆ ಈಗಿನ ನೈಜೀರಿಯಾ ಕರಾವಳಿಗೆ ಹೋದ ಸಸ್ಯವಿಜ್ಞಾನಿ ಪಾಲಿಸೊ ದ ಬೊವ್ವಾ ಈ ಹೆಸರಿಟ್ಟ. ಬಳ್ಳಿಯ ಮುಂದಿನ ಕಥೆ ನೋಡಿದರೆ ಹೆಸರು ಸರಿಯಾಗೇ ಹೊಂದಿದೆ ಅನ್ನಬೇಕು.

1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದ. ಸೈಕಲ್, ಆಮೇಲೆ ಕಾರು. ರಬ್ಬರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಕಾಂಗೋ ಆಗ ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿತ್ತು. ಅಲ್ಲಿನ ಕಾಡಿನಲ್ಲಿ ಬಳ್ಳಿ ತಾನಾಗೇ ಬೆಳೆದಿತ್ತು. ನೆಡುವ ಖರ್ಚಿಲ್ಲ, ಗೊಬ್ಬರದ ಖರ್ಚಿಲ್ಲ. ಕಾಡಿಗೆ ಹೋಗಿ ಹಾಲು ತರಲು ಜನ ಸಿಕ್ಕರೆ ಸಾಕು, ಉಳಿದದ್ದೆಲ್ಲ ಲಾಭ. ಏಷ್ಯಾದಲ್ಲಿ ನೆಟ್ಟ ರಬ್ಬರ್ ಮರಗಳು ಹಾಲು ಕೊಡಲು ಆರೇಳು ವರ್ಷ ಬೇಕು. ಆ ಮಾಲು ಮಾರುಕಟ್ಟೆಗೆ ಬರುವ ಮೊದಲೇ ಬಾಚಿಕೊಳ್ಳಬೇಕಿತ್ತು. ದಬ್ಬಾಳಿಕೆಯ ಮೂಲ ಇಲ್ಲಿದೆ.

ಕೆಲಸವೂ ಸುಲಭದ್ದಲ್ಲ. ಊರ ಹತ್ತಿರದ ಬಳ್ಳಿ ಮುಗಿದಂತೆ ಕಾಡಿನೊಳಗೆ ದೂರ ದೂರ ಹೋಗಬೇಕು. ಮರ ಹತ್ತಿ ಬಳ್ಳಿಗೆ ಕಚ್ಚು ಹಾಕಿ ಹಾಲು ಇಳಿಸಬೇಕು. ಎಷ್ಟೋ ಕಡೆ ಆ ಅಂಟು ಹಾಲನ್ನು ಮೈಕೈಗೇ ಬಳಿದುಕೊಂಡು, ಗಟ್ಟಿಯಾದ ಮೇಲೆ ಕಿತ್ತು ತೆಗೆಯುತ್ತಿದ್ದರು. ಜೊತೆಗೆ ಮೈಮೇಲಿನ ಕೂದಲೂ ಕಿತ್ತು ಬರುತ್ತಿತ್ತು. ಹೇಳಿದಷ್ಟು ತೂಕ ತರದಿದ್ದರೆ ಚಾವಟಿ ಏಟು. ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳುತ್ತಿದ್ದರು. ಸಿಪಾಯಿಗಳು ಖರ್ಚು ಮಾಡಿದ ಗುಂಡಿಗೆ ಲೆಕ್ಕವಾಗಿ ಕತ್ತರಿಸಿದ ಕೈ ತಂದು ತೋರಿಸುತ್ತಿದ್ದರು. ಆತುರಕ್ಕೆ ಬಳ್ಳಿಯನ್ನೇ ಕಡಿದು ಹಾಕುವುದೂ ನಡೆಯಿತು. ಕಡಿದಷ್ಟೂ ಬಳ್ಳಿ ಕಡಿಮೆಯಾಗುತ್ತಿತ್ತು, ಕೊಡಬೇಕಾದ ತೂಕ ಮಾತ್ರ ಇಳಿಯುತ್ತಿರಲಿಲ್ಲ.

ಈ ಕ್ರೌರ್ಯದ ಬಗ್ಗೆ ಬ್ರಿಟಿಷ್ ಕಾನ್ಸಲ್ ರೋಜರ್ ಕೇಸ್ಮೆಂಟ್ ಬರೆದ ವರದಿ 1904ರಲ್ಲಿ ಹೊರಬಂತು. 1908ರಲ್ಲಿ ಕಾಂಗೋ ದೊರೆಯ ಕೈತಪ್ಪಿ ಬೆಲ್ಜಿಯಂ ಸರ್ಕಾರಕ್ಕೆ ಹೋಯಿತು. ಅಷ್ಟರಲ್ಲಿ ಮಲಯ, ಸಿಲೋನ್ ತೋಟಗಳ ಅಗ್ಗದ ರಬ್ಬರ್ ಬರತೊಡಗಿತ್ತು, ಕಾಡುಬಳ್ಳಿಯನ್ನು ಕೇಳುವವರು ಕಡಿಮೆಯಾದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮಲಯವನ್ನು ಹಿಡಿದಾಗ ಮಾತ್ರ ಕಾಂಗೋ ಜನರನ್ನು ಮತ್ತೆ ಬಲವಂತವಾಗಿ ಅದೇ ಬಳ್ಳಿ ಹುಡುಕಲು ಕಾಡಿಗೆ ಅಟ್ಟಲಾಯಿತು.

ಈಗ ಜನಕ್ಕೆ ಬೇಕಾಗಿರುವುದು ಹಣ್ಣು. ದುಂಡಗೆ, ಹಳದಿ ಅಥವಾ ಕಿತ್ತಳೆ ಬಣ್ಣ, ದಪ್ಪ ಸಿಪ್ಪೆ. ಒಳಗೆ ಬೀಜಕ್ಕೆ ಅಂಟಿಕೊಂಡ ಹುಳಿಸಿಹಿ ತಿರುಳು. ಜಾಂಜಿಬಾರಿನಲ್ಲಿ ಮಬುಂಗೊ ಎಂಬ ಜ್ಯೂಸ್ ಮಾಡುವುದು ಇದರ ತೀರ ಹತ್ತಿರದ ಬಳ್ಳಿಯ ಹಣ್ಣಿನಿಂದ. ಮೊದಲು ಅದನ್ನೂ ಲ್ಯಾಂಡಾಲ್ಫಿಯಾ ಎಂದೇ ಕರೆಯುತ್ತಿದ್ದರು. ಅದೇ ಬಳಗದ ಇನ್ನೊಂದು ಹಣ್ಣು ಸೆನೆಗಲ್‌ನ ಮಾಡ್. ಅಲ್ಲಿನವರು ಹಣ್ಣಿನ ತಲೆ ಕತ್ತರಿಸಿ ಒಳಗೇ ಸಕ್ಕರೆ, ಉಪ್ಪು, ಖಾರದ ಪುಡಿ ಹಾಕಿ ಕಲಸಿ ಚಮಚದಲ್ಲಿ ತಿನ್ನುತ್ತಾರೆ. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುವ ನಮಗೆ ಇದರ ರುಚಿ ಹೇಗಿರಬಹುದು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.