ಸವೆಯದ ಸತುವೇ ಅಪಾಯ

ಹಾಯಿದೋಣಿಯನ್ನು ನೀರಿನಿಂದ ಮೇಲೆತ್ತಿದ ಕೂಡಲೇ ನಾನು ಅದರ ಅಡಿಗೆ ಬಗ್ಗುತ್ತೇನೆ. ಅಲ್ಲಿ ಸೇಲ್‌ಡ್ರೈವ್‌ನ, ಅಂದರೆ ಎಂಜಿನ್ನಿನ ಶಕ್ತಿಯನ್ನು ದೋಣಿಯ ತಳದ ಮೂಲಕ ಪ್ರೊಪೆಲ್ಲರಿಗೆ ಮುಟ್ಟಿಸುವ ಸಾಧನದ, ಅಲ್ಯೂಮಿನಿಯಂ ಕಾಲು ಇಳಿಬಿದ್ದಿರುತ್ತದೆ. ಪ್ರೊಪೆಲ್ಲರಿನ ಪಕ್ಕದಲ್ಲಿ ಅದಕ್ಕೊಂದು ಸತುವಿನ ಬಳೆ ತೊಡಿಸಿರುತ್ತಾರೆ. ವರ್ಷವಿಡೀ ಸಮುದ್ರದಲ್ಲಿದ್ದ ಬಳೆ ಗೆದ್ದಲು ಹಿಡಿದ ಹಲಗೆಯಂತಾಗಿರುತ್ತದೆ. ಮೈತುಂಬ ಗುಂಡಿಗಳು, ಗುಂಡಿಗಳಲ್ಲಿ ಬೆರಳು ತಾಗಿದರೆ ಸುಣ್ಣದಂತೆ ಉದುರುವ ಬಿಳಿ ಪುಡಿ. ಅದನ್ನು ಕಂಡರೆ ನನಗೆ ನೆಮ್ಮದಿ. ಬಳೆ ಹೊಸದರಂತೆ ನುಣುಪಾಗಿದ್ದರೆ ಎದೆ ಧಸಕ್ಕೆನ್ನುತ್ತದೆ. ದೋಣಿಯ ಒಡೆಯರು ಮಾತ್ರ ಆಗಲೇ ಹಿಗ್ಗುತ್ತಾರೆ: ‘ಇನ್ನೂ ಒಂದು ವರ್ಷಕ್ಕೆ ಸಾಕು!’

ಉಪ್ಪುನೀರೇ ಲೋಹವನ್ನು ತಿಂದುಹಾಕುತ್ತದೆ ಎಂಬ ನಂಬಿಕೆ ಈ ಹಿಗ್ಗಿನ ಬೇರು. 1761ರಲ್ಲಿ ಬ್ರಿಟಿಷ್ ನೌಕಾಪಡೆ ಮರ ಕೊರೆಯುವ ಹುಳುಗಳ ಕಾಟ ತಪ್ಪಿಸಲು ‘ಅಲಾರ್ಮ್’ ಎಂಬ ಹಡಗಿನ ಅಡಿಗೆ ತಾಮ್ರದ ತಗಡು ಹೊದಿಸಿತು. ವೆಸ್ಟ್ ಇಂಡೀಸಿನಿಂದ ಅದು ಮರಳಿದ ಮೇಲೆ ನೋಡಿದರೆ, ತಾಮ್ರ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡಿಗೆ ಸುತ್ತಿದ್ದ ಕಂದು ಕಾಗದವನ್ನು ಕೆಲವು ಕಡೆ ಯಾರೂ ತೆಗೆದಿರಲಿಲ್ಲ. ಅಲ್ಲಿನ ಮೊಳೆಗಳು ಗಟ್ಟಿಯಾಗಿಯೇ ಇದ್ದವು. ಸಮುದ್ರ ಅದೇ, ಉಪ್ಪೂ ಅದೇ. ಬೇರೆಯಾಗಿದ್ದದ್ದು ಲೋಹ ಲೋಹಕ್ಕೆ ತಾಗಿದ್ದು ಮಾತ್ರ. ಉಪ್ಪುನೀರಿನಲ್ಲಿ ಎರಡು ಬಗೆಯ ಲೋಹ ತಾಗಿದರೆ ಅದೇ ಬ್ಯಾಟರಿ. ಇಟಲಿಯ ವಿಜ್ಞಾನಿ ವೋಲ್ಟಾ ತಮ್ಮ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದ್ದು 1800ರಲ್ಲಿ. ಅದಕ್ಕೆ ಸುಮಾರು ನಾಲ್ಕು ದಶಕ ಮೊದಲೇ ಒಂದು ಇಡೀ ಹಡಗು ಬ್ಯಾಟರಿಯಾಗಿ ತೇಲಿತ್ತು!

1824ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ಈ ತೊಂದರೆಯನ್ನೇ ಉಪಾಯವಾಗಿಸಿದರು. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದಾಗ ತುಂಡು ಸವೆಯಿತು, ತಾಮ್ರ ಉಳಿಯಿತು. ಆದರೆ ತಾಮ್ರ ಕರಗದಿದ್ದರೆ ಚಿಪ್ಪುಜೀವಿಗಳಿಗೆ ವಿಷವೂ ಇಲ್ಲ. ಹಡಗುಗಳ ಅಡಿಯಲ್ಲಿ ಪಾಚಿ, ಚಿಪ್ಪು ಬೆಳೆದು ವೇಗ ಕುಗ್ಗಿತು, ನೌಕಾಪಡೆ ಯೋಜನೆಯನ್ನು ಕೈಬಿಟ್ಟಿತು. ಡೇವಿಯವರ ರಸಾಯನಶಾಸ್ತ್ರದಲ್ಲಿ ಮಾತ್ರ ತಪ್ಪಿರಲಿಲ್ಲ.

ಕಂಚಿನ ಪ್ರೊಪೆಲ್ಲರನ್ನು ಬಾಗಿಲಲ್ಲಿ ನಿಂತ ಸಾಲ ಕೊಟ್ಟವನೆಂದುಕೊಳ್ಳಿ. ಅವನು ಕೇಳುವುದು ಎಲೆಕ್ಟ್ರಾನುಗಳನ್ನು. ಮನೆಯವನು ಅಲ್ಯೂಮಿನಿಯಂ, ಜಾಮೀನು ನಿಂತವನು ಸತು. ಜಾಮೀನುದಾರ ತೆತ್ತಷ್ಟು ದಿನ ಮನೆಯವನ ಆಸ್ತಿಗೆ ಕೈ ಬೀಳುವುದಿಲ್ಲ. ಇಲ್ಲವೇ ನೀರಿನ ಟ್ಯಾಂಕುಗಳನ್ನು ನೆನೆಯಿರಿ: ಎತ್ತರದ್ದು ಸತು, ನಡುವಿನದು ಅಲ್ಯೂಮಿನಿಯಂ, ತಗ್ಗಿನದು ಕಂಚು. ಸಮುದ್ರದ ನೀರಿನಲ್ಲಿ ಸತುವಿಗೂ ಕಂಚಿಗೂ ಸುಮಾರು ಮುಕ್ಕಾಲು ವೋಲ್ಟ್ ಅಂತರ. ಮೇಲಿನ ಟ್ಯಾಂಕು ಬರಿದಾದರೆ ಹರಿವು ನಡುವಿನದರಿಂದ ಶುರುವಾಗುತ್ತದೆ. ಬೆಂಗಳೂರಿನ ಸ್ನಾನದ ಮನೆಯ ಗೀಸರಿನೊಳಗೆ ಮೆಗ್ನೀಸಿಯಂ ಕಡ್ಡಿ ಸವೆಯುವುದೂ ಇದೇ ಲೆಕ್ಕದಲ್ಲಿ.

ಸತು ಸವೆದಿಲ್ಲವೆಂದರೆ ಜಾಮೀನು ಮುರಿದಿರಬಹುದು. ಯಾರೋ ಬಳೆಗೆ ಬಣ್ಣ ಬಳಿದಿರುತ್ತಾರೆ, ಇಲ್ಲವೇ ಬಳೆ ಕೂರುವ ಜಾಗದಲ್ಲಿ ಕಿಲುಬು ಕಟ್ಟಿರುತ್ತದೆ. ಮಲ್ಟಿಮೀಟರಿನ ಒಂದು ತುದಿ ಬಳೆಗೆ, ಇನ್ನೊಂದು ಕಾಲಿನ ಬರಿ ಲೋಹಕ್ಕೆ ಇಟ್ಟರೆ ಪ್ರತಿರೋಧ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ. ಅರ್ಧ ಸವೆದ ಬಳೆಯನ್ನು ಬದಲಿಸಿಬಿಡಿ. ಕಾಲಿಗೆ ಮಾತ್ರ ದಯವಿಟ್ಟು ತಾಮ್ರ ಬೆರೆತ ಬಣ್ಣ ಬಳಿಯಬೇಡಿ. ಅದು ಅಲಾರ್ಮ್‌ನ ತಗಡನ್ನೇ ತಂದು ಅಂಟಿಸಿದಂತೆ. ಕೆಲವು ತಯಾರಕರು ಪ್ರೊಪೆಲ್ಲರಿನ ನಡುವೆ ರಬ್ಬರ್ ಇಟ್ಟು ಕಂಚನ್ನು ಬೇರ್ಪಡಿಸುತ್ತಾರೆ. ಆ ಕಂದು ಕಾಗದದ ಕೆಲಸ ಮಾಡುವ ರಬ್ಬರ್ ಅದು. ಆದರೂ ದಡದ ಕರೆಂಟಿಗೆ ಜೋಡಿಸಿದರೆ, ಅರ್ತ್ ತಂತಿಯ ಮೂಲಕ ನಿಮ್ಮ ಸತು ಪಕ್ಕದ ದೋಣಿಗಳ ಸಾಲವನ್ನೂ ತೀರಿಸತೊಡಗಬಹುದು. ಅದಕ್ಕೆ ಗ್ಯಾಲ್ವಾನಿಕ್ ಐಸೋಲೇಟರ್, ಅಂದರೆ ಅರ್ತ್ ತಂತಿಯಲ್ಲಿ ಹರಿಯುವ ಈ ಸಣ್ಣ ಕರೆಂಟನ್ನು ತಡೆಯುವ ಸಾಧನ, ಬೇಕು.

ಕಾಲು ದೋಣಿಯ ತಳವನ್ನು ಹಾದುಬರುವಲ್ಲಿರುವ ರಬ್ಬರ್ ಡಯಾಫ್ರಾಮನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು. ವೋಲ್ವೋ ಪೆಂಟಾದವರು ಹೇಳುವುದು 7 ವರ್ಷ. ಗೇರಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಆಗ ಪ್ರೊಪೆಲ್ಲರನ್ನು ಕಳಚಿ ಶಾಫ್ಟಿನ ಬುಡ ನೋಡಿ. ಕೂದಲಿನಂತೆ ಬಿಗಿದು ಸುತ್ತಿಕೊಂಡ ಗಾಳದ ನೈಲಾನ್ ದಾರ ನೀರು ತಡೆಯುವ ಸೀಲನ್ನು ಕೊಯ್ದಿರುವುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ.